ಫ್ರಿಟ್ಸ್ ಹಾರ್ಟೋಗ್ಸ್

ಫ್ರೀಡ್ರಿಕ್ ಮೊರಿಟ್ಸ್ ಹಾರ್ಟೋಗ್ಸ್ (20 ಮೇ 1874 – 18 ಆಗಸ್ಟ್ 1943) ಜರ್ಮನಿಯ ಗಣಿತಜ್ಞ. ಫ್ರಿಟ್ಸ್ ಎಂಬುದು ಈತನ ರೂಢಿಯ ಹೆಸರು. ಒಂದು ಸಮ್ಮಿಶ್ರ ಚರದ ವಿಶ್ಲೇಷಣೆಯನ್ನು ಹಲವು ಚರಗಳಿಗೆ ವಿಸ್ತರಿಸಿದ ಮೊದಲಿಗರಲ್ಲಿ ಒಬ್ಬ.

ಹುಟ್ಟಿದ್ದು ಬ್ರಸೆಲ್ಸ್‌ನ ಯೆಹೂದಿ ಕುಟುಂಬದಲ್ಲಿ, ಬೆಳೆದದ್ದು ಫ್ರಾಂಕ್‌ಫರ್ಟಿನಲ್ಲಿ. ಹ್ಯಾನೋವರ್, ಬರ್ಲಿನ್‌ಗಳಲ್ಲಿ ಓದಿ ಮ್ಯೂನಿಕ್ ವಿಶ್ವವಿದ್ಯಾಲಯವನ್ನು ಸೇರಿದ ಈತ ಆಲ್ಫ್ರೆಡ್ ಪ್ರಿಂಗ್ಸ್‌ಹೈಮನ ಮಾರ್ಗದರ್ಶನದಲ್ಲಿ 1903ರಲ್ಲಿ ಡಾಕ್ಟರೇಟ್ ಪಡೆದ. ಅಲ್ಲಿಯೇ ಬೋಧಕನಾಗಿ 1927ರಲ್ಲಿ ಪೂರ್ಣ ಪ್ರಾಧ್ಯಾಪಕನಾದ.

ಗಣಿತ ಕಾರ್ಯ

ಒಂದನ್ನು ಸಮ್ಮಿಶ್ರ ಚರವೊಂದರಿಂದ ಭಾಗಿಸಿದರೆ ದೊರೆಯುವ ಫಲನ ಸೊನ್ನೆಯ ಹೊರತು ಉಳಿದೆಲ್ಲೆಡೆ ವೈಶ್ಲೇಷಿಕವಾಗಿರುತ್ತದೆ. ಸೊನ್ನೆಯಲ್ಲಿ ಅದನ್ನು ಸರಿಪಡಿಸುವ ದಾರಿಯಿಲ್ಲ. ಎರಡು ಅಥವಾ ಹೆಚ್ಚು ಚರಗಳಿದ್ದಾಗ ಇಂಥ ಒಂಟಿ ಬಿಂದುವಿನ ದೋಷ ಉಳಿಯಲಾರದೆಂದು ಹಾರ್ಟೋಗ್ಸ್ 1906ರಲ್ಲಿ ತೋರಿಸಿದ. ಟೊಳ್ಳು ಗೋಳವೊಂದರ ದಪ್ಪ ಕವಚದಲ್ಲಿ ವೈಶ್ಲೇಷಿಕವಾಗಿರುವ ಫಲನ ಒಳಗಿನ ಟೊಳ್ಳಿಗೂ ವಿಸ್ತರಿಸುತ್ತದೆ, ಅದೂ ಒಂದೇ ರೀತಿಯಲ್ಲಿ. ಒಂದು ಚರದ ಸಿದ್ಧಾಂತದಲ್ಲಿ ಇದಕ್ಕೆ ಸಮಾನವಾದುದು ಏನೂ ಇಲ್ಲ.

ಅದೇ ವರ್ಷದ ಮತ್ತೊಂದು ಪ್ರಮೇಯದ ಪ್ರಕಾರ, ಪ್ರತಿಯೊಂದು ಚರದಲ್ಲೂ ಬೇರೆಬೇರೆಯಾಗಿ ವೈಶ್ಲೇಷಿಕವಾಗಿರುವ ಫಲನ ಎಲ್ಲ ಚರಗಳಲ್ಲೂ ಒಟ್ಟಾಗಿ ವೈಶ್ಲೇಷಿಕ. ಅಮೆರಿಕದ ವಿಲಿಯಮ್ ಆಸ್‌ಗುಡ್ 1899ರಲ್ಲಿ ಇದನ್ನು ಫಲನ ಪರಿಮಿತವಾಗಿರಬೇಕೆಂಬ ಷರತ್ತಿನೊಡನೆ ಸಾಧಿಸಿದ್ದ. ಹಾರ್ಟೋಗ್ಸ್ ಆ ಷರತ್ತನ್ನೇ ಕೈಬಿಟ್ಟ. ವಾಸ್ತವ ಸಂಖ್ಯೆಗಳಲ್ಲಿ ಇಂಥದು ನಡೆಯದು. ಎರಡು ಚರಗಳ ಗುಣಲಬ್ಧವನ್ನು ಅವುಗಳ ವರ್ಗಗಳ ಮೊತ್ತದಿಂದ ಭಾಗಿಸಿ, ಮೂಲಬಿಂದುವಿನಲ್ಲಿ ಬೆಲೆ ಸೊನ್ನೆಯೆಂದು ಇಟ್ಟುಕೊಂಡರೆ, ಆ ಫಲನ ಒಂದೊಂದು ಚರದಲ್ಲೂ ನಿರ್ದೋಷವಾಗಿದ್ದರೂ ಮೂಲಬಿಂದುವಿನಲ್ಲಿ ಅವಿಚ್ಛಿನ್ನವಲ್ಲ.

ಚಿತ್ರಣಗಳ ವಿಷಯದಲ್ಲೂ ಹೆಚ್ಚಿನ ಆಯಾಮಗಳು ಬೇರೆಯೇ ಲೋಕವೆಂಬುದು ಆಗಲೇ ಬಯಲಾಯಿತು. ಸಮತಲದಲ್ಲಿ ರಂಧ್ರವಿಲ್ಲದ ಪ್ರದೇಶಗಳನ್ನು, ಇಡೀ ಸಮತಲವೊಂದನ್ನು ಬಿಟ್ಟು, ವೃತ್ತದ ಒಳಭಾಗಕ್ಕೆ ವೈಶ್ಲೇಷಿಕವಾಗಿ ಹೊಂದಿಸಬಹುದೆಂಬುದು ರೀಮಾನನ ಪ್ರಮೇಯ. ಎರಡು ಚರಗಳಲ್ಲಿ ಗೋಳವನ್ನು ಎರಡು ವೃತ್ತಗಳ ಗುಣಲಬ್ಧಕ್ಕೆ ಹಾಗೆ ಹೊಂದಿಸಲಾಗದೆಂದು ಆನ್ರಿ ಪ್ವಾಂಕರೆ 1907ರಲ್ಲಿ ಸಾಧಿಸಿದ. ಹಾಗಾದರೆ ಯಾವ ಪ್ರದೇಶಗಳಲ್ಲಿ ಹೊರಕ್ಕೆ ವಿಸ್ತರಿಸಲಾಗದ ಫಲನಗಳಿವೆ? ಹಾರ್ಟೋಗ್ಸನ ಫಲಿತಾಂಶದಿಂದ ಹುಟ್ಟಿದ ಈ ಪ್ರಶ್ನೆಗೆ, ಎರಡು ಚರಗಳ ಮಟ್ಟಿಗೆ, ಜಪಾನಿನ ಕಿಯೋಷಿ ಓಕಾ 1942ರಲ್ಲಿ ಉತ್ತರ ಕೊಟ್ಟ.

ಗಣಸಿದ್ಧಾಂತದಲ್ಲಿ ಹಾರ್ಟೋಗ್ಸ್ ಸಂಖ್ಯೆ ಎಂಬ ಪರಿಕಲ್ಪನೆ ಈತನ 1915ರ ಲೇಖನದಿಂದ ಬಂದುದು.

ಕೊನೆಯ ವರ್ಷಗಳು

ನಾತ್ಸಿ ಆಡಳಿತದಲ್ಲಿ 1935ರಲ್ಲಿ ಹುದ್ದೆ ಹೋಯಿತು. 1938ರ ನವೆಂಬರ್ ದಾಳಿಗಳಲ್ಲಿ ಬಂಧಿತನಾಗಿ ಡಾಖಾವ್ ಶಿಬಿರದಲ್ಲಿ ಹಿಂಸೆ ಅನುಭವಿಸಿ ಹೊರಬಂದ. ಪತ್ನಿ ಯೆಹೂದಿಯಾಗಿರಲಿಲ್ಲ. ಕುಟುಂಬದ ಆಸ್ತಿ ಸರಕಾರದ ಪಾಲಾಗದಿರಲೆಂದು ಇಬ್ಬರೂ ಕಾನೂನಿನ ಪ್ರಕಾರ ವಿಚ್ಛೇದನ ಪಡೆದರು. ಗಡೀಪಾರಿನ ಭೀತಿಯ ನಡುವೆ ಹಾರ್ಟೋಗ್ಸ್ 1943ರ ಆಗಸ್ಟ್ 18ರಂದು ಮ್ಯೂನಿಕ್‌ನಲ್ಲಿ ಆತ್ಮಹತ್ಯೆ ಮಾಡಿಕೊಂಡ.