ಆಚಾರ್ಯ ಜಗದೀಶಚಂದ್ರ ಬೋಸ್

ಇಂದು ಅನೇಕ ಮನೆಗಳಲ್ಲಿ ರೂಟರ್ ಎಂಬ ಚಿಕ್ಕ ಪೆಟ್ಟಿಗೆಯೊಂದು ಕಾಣಸಿಗುತ್ತದೆ. ಹೊರಗಿನಿಂದ ಬಂದ ಒಂದೇ ಅಂತರಜಾಲ ಸಂಪರ್ಕವನ್ನು ಅದು ಮನೆಮಂದಿಗೆಲ್ಲ ಹಂಚಿಕೊಡುತ್ತದೆ. ನಡುಮನೆಯಲ್ಲಿ ಅಕ್ಕ ಪಾಠ ಕೇಳುತ್ತಿರುವಾಗಲೇ ಕೋಣೆಯಲ್ಲಿ ತಂದೆ ಪತ್ರ ಕಳುಹಿಸಬಹುದು. ಇಬ್ಬರಿಗೂ ತಂತಿಯ ಹಂಗಿಲ್ಲ. ಕಣ್ಣಿಗೆ ಕಾಣದ ವಿದ್ಯುತ್ಕಾಂತ ತರಂಗಗಳೇ ಸುದ್ದಿಯನ್ನು ಹೊತ್ತು ತರುತ್ತವೆ. ಇಂತಹ ತರಂಗಗಳನ್ನು ಪಳಗಿಸಿದ ಮೊದಲಿಗರಲ್ಲಿ ನಮ್ಮ ದೇಶದ ಜಗದೀಶಚಂದ್ರ ಬೋಸರೂ ಒಬ್ಬರು.

ಬೋಸರು 1858ರ ನವೆಂಬರ್ 30ರಂದು, ಈಗ ಬಾಂಗ್ಲಾದೇಶದಲ್ಲಿರುವ ಮೈಮನ್‌ಸಿಂಗ್‌ನಲ್ಲಿ ಜನಿಸಿದರು. ತಂದೆ ಭಗವಾನ್‌ಚಂದ್ರರು ಸರ್ಕಾರದ ಅಧಿಕಾರಿಗಳಾಗಿದ್ದರೂ ಮಗನನ್ನು ಮೊದಲು ಬಂಗಾಳಿ ಶಾಲೆಗೇ ಸೇರಿಸಿದರು. ಅಲ್ಲಿ ಬೆಸ್ತರ ಮಕ್ಕಳೂ ಸೇವಕರ ಮಕ್ಕಳೂ ಬಾಲಕನ ಒಡನಾಡಿಗಳಾದರು. ಅವರು ಹೇಳುತ್ತಿದ್ದ ಪ್ರಾಣಿಪಕ್ಷಿಗಳ ಕತೆಗಳು ಅವನಲ್ಲಿ ಪ್ರಕೃತಿಯ ಕುತೂಹಲವನ್ನು ಬಿತ್ತಿದವು. ಕಲ್ಕತ್ತೆಯಲ್ಲಿ ವ್ಯಾಸಂಗ ಮುಗಿಸಿ, 1880ರಲ್ಲಿ ಬೋಸರು ವೈದ್ಯಶಾಸ್ತ್ರವನ್ನು ಕಲಿಯಲು ಇಂಗ್ಲೆಂಡಿಗೆ ತೆರಳಿದರು. ಆರೋಗ್ಯ ಕೆಟ್ಟುದರಿಂದ ಅದನ್ನು ಬಿಟ್ಟು, ಕೇಂಬ್ರಿಡ್ಜಿನಲ್ಲಿ ವಿಜ್ಞಾನದ ಅಧ್ಯಯನ ಕೈಗೊಂಡರು.

1885ರಲ್ಲಿ ಅವರು ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತವಿಜ್ಞಾನದ ಅಧ್ಯಾಪಕರಾದರು. ಆ ಕಾಲದಲ್ಲಿ ಒಂದೇ ಕೆಲಸಕ್ಕೆ ಐರೋಪ್ಯರಿಗೆ ಹೆಚ್ಚು, ಭಾರತೀಯರಿಗೆ ಕಡಿಮೆ ಸಂಬಳ ಕೊಡಲಾಗುತ್ತಿತ್ತು. ಬೋಸರು ಈ ಅನ್ಯಾಯಕ್ಕೆ ತಲೆಬಾಗಲಿಲ್ಲ. ಅವರು ಗದ್ದಲ ಮಾಡಲಿಲ್ಲ, ಕೆಲಸವನ್ನೂ ಬಿಡಲಿಲ್ಲ. ಸಂಬಳವನ್ನು ಮಾತ್ರ ಮುಟ್ಟಲಿಲ್ಲ. ತಂದೆಯ ಸಾಲದ ಹೊರೆ ಮನೆಯ ಮೇಲಿದ್ದರೂ ಮೂರು ವರ್ಷ ಹೀಗೆಯೇ ಪಾಠ ಹೇಳಿದರು. ಕೊನೆಗೆ ಅಧಿಕಾರಿಗಳೇ ಮಣಿದು, ಹಿಂದಿನ ಬಾಕಿಯೊಡನೆ ಪೂರ್ಣ ಸಂಬಳವನ್ನು ಕೊಟ್ಟರು.

ಜರ್ಮನಿಯ ಹರ್ಟ್ಸ್ ಎಂಬ ವಿಜ್ಞಾನಿ ವಿದ್ಯುತ್ಕಾಂತ ತರಂಗಗಳ ಇರುವಿಕೆಯನ್ನು 1888ರ ವೇಳೆಗೆ ಸಿದ್ಧಪಡಿಸಿದ್ದರು. ಬೋಸರು 1894ರಲ್ಲಿ ಈ ಸಂಶೋಧನೆಗೆ ಕೈಹಾಕಿದರು. ಸುಸಜ್ಜಿತ ಪ್ರಯೋಗಾಲಯವಿರಲಿಲ್ಲ. ಒಂದು ಸಣ್ಣ ಕೋಣೆಯಲ್ಲಿ, ತಗಡಿನ ಕೆಲಸಗಾರನೊಬ್ಬನನ್ನು ತರಬೇತುಗೊಳಿಸಿ, ಉಪಕರಣಗಳನ್ನು ತಾವೇ ಮಾಡಿಸಿಕೊಂಡರು. ಕೇವಲ 5 ಮಿಲಿಮೀಟರ್ ಉದ್ದದ ತರಂಗಗಳನ್ನೂ ಉತ್ಪಾದಿಸಿದರು. 1895ರಲ್ಲಿ ಕಲ್ಕತ್ತೆಯ ಪುರಭವನದಲ್ಲಿ ಅವರು ಕಳುಹಿಸಿದ ತರಂಗಗಳು ಗೋಡೆಗಳನ್ನು ದಾಟಿ, ಸುಮಾರು 75 ಅಡಿ ದೂರದಲ್ಲಿ ಗಂಟೆಯನ್ನು ಬಾರಿಸಿದವು, ಮದ್ದನ್ನು ಸಿಡಿಸಿದವು. ಸೇರಿದ್ದ ಜನ ಬೆರಗಾದರು.

ನಮ್ಮ ಮನೆಯ ರೂಟರಿನಿಂದ ಹೊರಡುವುದೂ ಅದೇ ಜಾತಿಯ ತರಂಗ. ಸಾಮಾನ್ಯವಾಗಿ ಅದರ ಉದ್ದ ಸುಮಾರು 12 ಅಥವಾ 6 ಸೆಂಟಿಮೀಟರ್. ಬೋಸರು ಬಳಸಿದಂತಹ 5 ಮಿಲಿಮೀಟರಿನ ತರಂಗಗಳೂ ಈಗ ಒಂದೇ ಕೋಣೆಯೊಳಗಿನ ಅತಿವೇಗದ ಸಂಪರ್ಕಕ್ಕೆ ಒದಗುತ್ತಿವೆ. ಗೋಡೆಯನ್ನು ಹಾಯುವಾಗ ತರಂಗದ ಬಲ ಕುಂದುತ್ತದೆ. ತರಂಗ ಚಿಕ್ಕದಾದಷ್ಟೂ ಈ ನಷ್ಟ ಸಾಮಾನ್ಯವಾಗಿ ಹೆಚ್ಚು. ಆದುದರಿಂದಲೇ ರೂಟರನ್ನು ಕಬ್ಬಿಣದ ಬೀರುವಿನ ಹಿಂದೆ ಮರೆಮಾಡದೆ, ಮನೆಯ ನಡುವೆ ಎತ್ತರದಲ್ಲಿ ಇರಿಸಬೇಕು. ತರಂಗಕ್ಕೆ ನಮ್ಮ ಮನೆ, ನೆರೆಮನೆ ಎಂಬ ಭೇದವಿಲ್ಲವಾದ್ದರಿಂದ ಗುಪ್ತಪದದ ಕಾವಲೂ ಅವಶ್ಯಕ.

ತಮ್ಮ ಜ್ಞಾನಕ್ಕೆ ಮಾತ್ರ ಬೋಸರು ಕಾವಲಿಡಲು ಬಯಸಲಿಲ್ಲ. ತರಂಗಗಳನ್ನು ಗುರುತಿಸುವ ಅವರ ಸಾಧನಕ್ಕೆ 1904ರಲ್ಲಿ ಅಮೆರಿಕದ ಪೇಟೆಂಟ್ ದೊರೆಯಿತು. ಸ್ನೇಹಿತರ ಒತ್ತಾಯಕ್ಕಾಗಿ ಅದನ್ನು ಪಡೆದರೇ ಹೊರತು, ಅದರಿಂದ ಹಣ ಗಳಿಸಲು ಅವರು ಮನಸ್ಸು ಮಾಡಲಿಲ್ಲ. ಮುಂದೆ ಸಸ್ಯಗಳ ಸ್ಪಂದನವನ್ನು ಅಭ್ಯಸಿಸಿದರು. 1917ರಲ್ಲಿ ಕಲ್ಕತ್ತೆಯಲ್ಲಿ ಬೋಸ್ ವಿಜ್ಞಾನ ಮಂದಿರವನ್ನು ಸ್ಥಾಪಿಸಿ ರಾಷ್ಟ್ರಕ್ಕೆ ಅರ್ಪಿಸಿದರು. 1937ರ ನವೆಂಬರ್ 23ರಂದು ಗಿರಿಡೀಹ್‌ನಲ್ಲಿ ನಿಧನರಾದರು.

ತನಗೆ ಸಲ್ಲಬೇಕಾದ ಗೌರವದಲ್ಲಿ ಒಂದು ಕಾಸನ್ನೂ ಬಿಟ್ಟುಕೊಡದವರು, ತಾನು ಕಂಡ ಸತ್ಯವನ್ನು ಲೋಕಕ್ಕೆ ಧಾರಾಳವಾಗಿ ಕೊಟ್ಟರು. ಸ್ವಾಭಿಮಾನವೂ ಔದಾರ್ಯವೂ ಒಬ್ಬರಲ್ಲಿಯೇ ನೆಲೆಸಬಲ್ಲವು ಎಂಬುದಕ್ಕೆ ಆಚಾರ್ಯ ಬೋಸರ ಬಾಳೇ ಸಾಕ್ಷಿ.