ಬಣ್ಣ ಹಚ್ಚಿದ್ದೇ ಮೊದಲ ಬಂಡಾಯ: ಕರಾವಳಿಯ ಕಮಲಾದೇವಿ

ಬರಿದಾದ ರಂಗ, ಒಬ್ಬಳೇ ನಟಿ, ಗಂಟೆಯೊಂದರಲ್ಲಿ ಒಂದು ಇಡೀ ಬದುಕು. ಏಕವ್ಯಕ್ತಿ ರಂಗಪ್ರಯೋಗ ಉಡುಪಿ, ಮಣಿಪಾಲಗಳ ಪ್ರೇಕ್ಷಕರಿಗೆ ಹೊಸದಲ್ಲ. ಯುದ್ಧಕಾಲದಲ್ಲಿ ಪ್ರಭುತ್ವಕ್ಕೆ ಎದುರು ನಿಂತ ಚಿತ್ರತಾರೆಯರ ಬದುಕು ಹೊರನಾಡುಗಳಲ್ಲಿ ನಾಟಕಗಳಿಗೆ ವಸ್ತುವಾಗಿದೆ. ನಾಜಿಗಳ ಆಹ್ವಾನವನ್ನು ತಿರಸ್ಕರಿಸಿದ ಜರ್ಮನ್ ನಟಿ ಮರ್ಲೀನ್ ಡೀಟ್ರಿಚ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಅಂಥದೊಂದು ಬದುಕನ್ನು ನಮ್ಮ ಕರಾವಳಿಯಲ್ಲಿ ಅರಸಿದರೆ ಮೊದಲು ನೆನಪಾಗಬೇಕಾದ ಹೆಸರು ಕಮಲಾದೇವಿ ಚಟ್ಟೋಪಾಧ್ಯಾಯ.

ಕೈಮಗ್ಗ ಮತ್ತು ಕರಕುಶಲ ಕಲೆಗಳಿಗೆ ಮರುಜೀವ ಕೊಟ್ಟವರೆಂದು ನಾಡು ಅವರನ್ನು ಬಲ್ಲದು. ಆದರೆ ಅವರು ನಟಿಯೂ ಆಗಿದ್ದರು, ಮೂಕಿ ಚಿತ್ರದ ಕಾಲದಲ್ಲಿ ಬೆಳ್ಳಿತೆರೆಯನ್ನೇರಿದ್ದರು ಎಂಬುದು ಬಹುಮಟ್ಟಿಗೆ ಮರೆತುಹೋಗಿದೆ.

ತಾಯಿಯಿಂದ ಬಂದ ಛಲ

ಕಮಲಾದೇವಿ ಹುಟ್ಟಿದ್ದು ಮಂಗಳೂರಿನ ಸಾರಸ್ವತ ಮನೆತನದಲ್ಲಿ, 1903ರ ಏಪ್ರಿಲ್ 3ರಂದು. ತಂದೆ ಅನಂತಯ್ಯ ಧಾರೇಶ್ವರ ಸರ್ಕಾರದ ಉನ್ನತ ಅಧಿಕಾರಿ. ಮಗಳಿಗೆ ಏಳು ವರ್ಷವಾಗಿದ್ದಾಗ ಅವರು ಉಯಿಲು ಬರೆಯದೆ ತೀರಿಕೊಂಡರು. ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನ ಪಾಲಾಯಿತು. ವಿಧವೆಗೆ ಉಳಿದದ್ದು ಮಾಸಾಶನ ಮಾತ್ರ. ತಾಯಿ ಗಿರಿಜಾಬಾಯಿ ಅದನ್ನೂ ಬೇಡವೆಂದು, ತಮ್ಮ ಸ್ತ್ರೀಧನದಿಂದಲೇ ಮಗಳನ್ನು ಸಾಕಿದರು. ಹೆಣ್ಣಿಗೆ ಹಕ್ಕಿಲ್ಲದ ಮನೆಯಲ್ಲಿ ಹೆಣ್ಣಿನ ಸ್ವಾಭಿಮಾನವೇನೆಂಬುದನ್ನು ಬಾಲಕಿ ಅಲ್ಲಿಯೇ ಕಂಡಳು.

ಹದಿಹರೆಯದಲ್ಲೇ ಮದುವೆಯಾಯಿತು. ಸ್ವಲ್ಪ ಕಾಲದಲ್ಲೇ ಗಂಡ ತೀರಿಕೊಂಡರು. ಆ ಕಾಲದ ಕಟ್ಟಳೆಯಂತೆ ಬಾಲವಿಧವೆಯೊಬ್ಬಳ ಬದುಕು ಅಲ್ಲಿಗೆ ಮುಗಿಯಬೇಕಿತ್ತು. ಕಮಲಾದೇವಿ ಮದರಾಸಿನ ಕ್ವೀನ್ ಮೇರೀಸ್ ಕಾಲೇಜಿಗೆ ಹೋದರು. ಸರೋಜಿನಿ ನಾಯ್ಡು ಅವರ ತಮ್ಮ, ಕವಿ ಮತ್ತು ನಟ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಗಿ ಅವರನ್ನು ವರಿಸಿದರು. ವಿಧವೆಯ ಮರುಮದುವೆ, ಅದೂ ಪರಪ್ರಾಂತದವರೊಡನೆ! ಸಂಪ್ರದಾಯಸ್ಥರು ಸಿಡಿಮಿಡಿಗೊಂಡದ್ದು ಸಹಜವೇ.

ರಂಗದಿಂದ ತೆರೆಗೆ

ಉಡುಪಿ, ಕಾಪು, ಕಾರ್ಕಳಗಳ ಬಯಲುಗಳಲ್ಲಿ ಇರುಳಿಡೀ ನಡೆಯುತ್ತಿದ್ದ ಯಕ್ಷಗಾನದಲ್ಲಿ ಸೀತೆಯೂ ದ್ರೌಪದಿಯೂ ಗಂಡಸರೇ ಆಗಿದ್ದ ಕಾಲವದು. ಮರ್ಯಾದಸ್ಥ ಮನೆತನದ ಹೆಣ್ಣುಮಗಳು ನೂರಾರು ಜನರೆದುರು ಬಣ್ಣ ಹಚ್ಚಿ ನಿಲ್ಲುವುದು ಮಾನಗೇಡಿನ ಮಾತು. ಕಮಲಾದೇವಿ ಪತಿಯೊಡನೆ ನಾಟಕಗಳಲ್ಲಿ ಬಹಿರಂಗವಾಗಿ ಅಭಿನಯಿಸಿದರು. ಹಣಕ್ಕಾಗಿ ಅಲ್ಲ, ಹೊಟ್ಟೆಪಾಡಿಗಾಗಿಯೂ ಅಲ್ಲ. ಕಲೆ ಹೆಣ್ಣಿಗೂ ಸೇರಿದ್ದು ಎಂಬ ನಂಬಿಕೆಯಿಂದ.

ಮುಂದಿನ ಹೆಜ್ಜೆ ಸಿನಿಮಾ. ಶೂದ್ರಕನ ‘ಮೃಚ್ಛಕಟಿಕ’ವನ್ನು ಆಧರಿಸಿ ಮೋಹನ ಭವನಾನಿ ನಿರ್ದೇಶಿಸಿದ ಮೂಕಿ ಚಿತ್ರ ‘ವಸಂತಸೇನಾ’ 1931ರಲ್ಲಿ ತೆರೆಕಂಡಿತು. ಏಣಾಕ್ಷಿ ರಾಮರಾವ್ ಮತ್ತು ನಾಟಕಕಾರ ಟಿ.ಪಿ. ಕೈಲಾಸಂ ಅವರೊಡನೆ ಕಮಲಾದೇವಿಯೂ ಅದರಲ್ಲಿ ನಟಿಸಿದರು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಬಂದದ್ದು ಅದಾದ ಮೂರು ವರ್ಷಗಳ ನಂತರ, 1934ರಲ್ಲಿ.

ಸಭಾಕಂಪವನ್ನು ಗೆದ್ದ ಈ ಧೈರ್ಯವೇ ಅವರನ್ನು ರಾಜಕಾರಣಕ್ಕೂ ಒಯ್ದಿತು. ದಕ್ಷಿಣ ಕನ್ನಡ ಜಿಲ್ಲೆ ಆಗ ಮದರಾಸು ಪ್ರಾಂತದಲ್ಲಿತ್ತು. ಉಡುಪಿ, ಕಾರ್ಕಳಗಳೂ ಆ ಜಿಲ್ಲೆಯವೇ. 1926ರಲ್ಲಿ ಪ್ರಾಂತದ ಶಾಸನಸಭೆಗೆ ಅವರು ಸ್ಪರ್ಧಿಸಿದರು. ದೇಶದಲ್ಲಿ ಚುನಾವಣಾ ಕಣಕ್ಕಿಳಿದ ಮೊದಲ ಮಹಿಳೆಯರಲ್ಲಿ ಅವರೊಬ್ಬರು. ಸೋತರು, ಆದರೆ ತೀರ ಕಡಿಮೆ ಮತಗಳ ಅಂತರದಿಂದ.

1930ರ ಉಪ್ಪಿನ ಸತ್ಯಾಗ್ರಹದಲ್ಲಿ ಹೆಂಗಸರಿಗೂ ಪಾಲಿರಬೇಕೆಂದು ಗಾಂಧೀಜಿಯವರೊಡನೆ ವಾದಿಸಿದರು. ಮುಂಬಯಿಯ ಷೇರುಪೇಟೆಯೊಳಕ್ಕೇ ನುಗ್ಗಿ ಉಪ್ಪಿನ ಪೊಟ್ಟಣ ಮಾರಿದರು. ಸೆರೆಮನೆ ಸೇರಿದರು. 1936ರಲ್ಲಿ ಕಾಂಗ್ರೆಸ್ ಸೋಷಲಿಸ್ಟ್ ಪಕ್ಷದ ಅಧ್ಯಕ್ಷೆಯಾದರು. ಈ ನಡುವೆ ದಾಂಪತ್ಯ ಮುರಿದುಬಿತ್ತು. ಸಹಿಸಿಕೊಂಡಿರುವ ಬದಲು ನ್ಯಾಯಾಲಯಕ್ಕೆ ಹೋಗಿ ವಿಚ್ಛೇದನ ಪಡೆದರು. ಅದೂ ಆ ದಿನಗಳಲ್ಲಿ ಊಹೆಗೆ ಮೀರಿದ ನಡೆ.

ಯುದ್ಧಕಾಲದ ಪಯಣ

1939ರಲ್ಲಿ ಮಹಿಳಾ ಸಮ್ಮೇಳನಕ್ಕೆಂದು ಯುರೋಪಿಗೆ ಹೋಗಿದ್ದಾಗಲೇ ಎರಡನೇ ಮಹಾಯುದ್ಧ ಆರಂಭವಾಯಿತು. ಅವರು ತಾಯ್ನಾಡಿಗೆ ಮರಳಿದ್ದು ಅಮೆರಿಕ, ಜಪಾನ್, ಚೀನಾಗಳನ್ನು ಸುತ್ತಿ, 1941ರಲ್ಲಿ. ಬ್ರಿಟನ್ನಿನ ಮಿತ್ರದೇಶಗಳ ಸಭೆಗಳಲ್ಲಿಯೇ ಭಾರತದ ಸ್ವಾತಂತ್ರ್ಯದ ಪರವಾಗಿ ಮಾತನಾಡಿದರು. ಪ್ರಜಾಪ್ರಭುತ್ವಕ್ಕಾಗಿ ಯುದ್ಧವೆಂದು ಸಾರುತ್ತಿದ್ದವರಿಗೆ ವಸಾಹತುಗಳ ನೆನಪು ಮಾಡಿಕೊಟ್ಟರು.

ಆ ಪ್ರವಾಸದ ಒಂದು ಪ್ರಸಂಗ ಯಾವ ನಾಟಕದ ದೃಶ್ಯಕ್ಕೂ ಕಡಿಮೆಯಿಲ್ಲ. ಅಮೆರಿಕದ ದಕ್ಷಿಣ ಪ್ರಾಂತದಲ್ಲಿ ಅವರು ರೈಲಿನಲ್ಲಿ ಬಿಳಿಯರ ಬೋಗಿಯಲ್ಲಿ ಕುಳಿತಿದ್ದರು. ಟಿಕೆಟ್ ಪರೀಕ್ಷಕ ಬಂದು ಎದ್ದು ಹೋಗುವಂತೆ ಸೂಚಿಸಿದ. ಅವರು ಕದಲಲಿಲ್ಲ. ಹೊರದೇಶದವರಿರಬಹುದೆಂಬ ಅನುಮಾನ ಮೂಡಿ ಯಾವ ನಾಡಿನವರೆಂದು ವಿಚಾರಿಸಿದ. ಭಾರತದಿಂದ ಬಂದ ಅತಿಥಿಯೆಂದು ಹೇಳಿದ್ದರೆ ಬಹುಶಃ ಅಲ್ಲಿಗೆ ತೊಂದರೆ ತಪ್ಪುತ್ತಿತ್ತು. ಕಮಲಾದೇವಿ ಆ ರಿಯಾಯಿತಿಯನ್ನು ಬಯಸಲಿಲ್ಲ. ಯಾವ ನಾಡಾದರೇನು, ತಾನೂ ವರ್ಣದವಳೇ, ಏಳುವ ಅಗತ್ಯ ಕಾಣುವುದಿಲ್ಲವೆಂದು ತಿಳಿಸಿದರು. ಆತ ಸುಮ್ಮನೆ ಹೊರಟುಹೋದ. ಅಲಬಾಮಾದ ಬಸ್ಸಿನಲ್ಲಿ ರೋಸಾ ಪಾರ್ಕ್ಸ್ ಸೀಟು ಬಿಡಲು ನಿರಾಕರಿಸಿದ್ದು 1955ರಲ್ಲಿ ಎಂಬುದನ್ನು ಓದುಗರು ಗಮನಿಸಬೇಕು.

ಜಪಾನಿನ ಆಕ್ರಮಣಕ್ಕೆ ತುತ್ತಾಗಿದ್ದ ಚೀನಾವನ್ನು ಕಣ್ಣಾರೆ ಕಂಡು ಪುಸ್ತಕ ಬರೆದರು. ಸ್ವದೇಶಕ್ಕೆ ಬಂದ ಮೇಲೆ ಚಲೇಜಾವ್ ಚಳವಳಿ, ಮತ್ತೆ ಸೆರೆವಾಸ.

ಹುದ್ದೆ ಬೇಡ, ಕೆಲಸ ಬೇಕು

ಸ್ವಾತಂತ್ರ್ಯ ಬಂದಾಗ ಅಧಿಕಾರದ ಬಾಗಿಲು ತೆರೆದಿತ್ತು. ಅವರು ಅತ್ತ ಹೋಗಲಿಲ್ಲ. ದೇಶವಿಭಜನೆಯ ನಿರಾಶ್ರಿತರಿಗೆ ಸಹಕಾರಿ ತತ್ವದ ಮೇಲೆ ಬದುಕು ಕಟ್ಟಿಕೊಡಲು ಫರೀದಾಬಾದಿನಲ್ಲಿ ದುಡಿದರು. 1952ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಕರಕುಶಲ ಮಂಡಳಿಯ ಚುಕ್ಕಾಣಿ ಹಿಡಿದು, ಹಳ್ಳಿಹಳ್ಳಿ ತಿರುಗಿ ನೇಕಾರರನ್ನೂ ಕುಂಬಾರರನ್ನೂ ಹುಡುಕಿದರು.

ರಂಗದ ಋಣವನ್ನೂ ಮರೆಯಲಿಲ್ಲ. ಅವರು ಕಟ್ಟಿದ ಭಾರತೀಯ ನಾಟ್ಯ ಸಂಘವು ದೆಹಲಿಯಲ್ಲಿ ಏಷ್ಯನ್ ಥಿಯೇಟರ್ ಇನ್‌ಸ್ಟಿಟ್ಯೂಟನ್ನು ಆರಂಭಿಸಿತು. ಮುಂದೆ ಅದು ರಾಷ್ಟ್ರೀಯ ನಾಟಕ ಶಾಲೆಯಲ್ಲಿ ವಿಲೀನವಾಯಿತು. ಬಂಟ್ವಾಳ ತಾಲೂಕಿನ ಮಂಚಿಯ ಹುಡುಗ ಬಿ.ವಿ. ಕಾರಂತರು ಕಲಿತದ್ದು ಆ ಶಾಲೆಯಲ್ಲಿ, ನಂತರ ನಿರ್ದೇಶಕರಾದದ್ದೂ ಅಲ್ಲಿಯೇ.

1966ರಲ್ಲಿ ಮ್ಯಾಗ್ಸೆಸೆ, 1987ರಲ್ಲಿ ಪದ್ಮವಿಭೂಷಣ ಅವರನ್ನರಸಿ ಬಂದವು. 1988ರ ಅಕ್ಟೋಬರ್ 29ರಂದು, 85ರ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಮಹಿಳೆಯರ ಸ್ವಾತಂತ್ರ್ಯ ಹೋರಾಟವನ್ನು ಕುರಿತ ಅವರ ಕೃತಿಯನ್ನು ಕನ್ನಡಕ್ಕೆ ತಂದವರು ಮಣಿಪಾಲದ ಕಥೆಗಾರ್ತಿ ವೈದೇಹಿ.

ಇಂದು ಕರಾವಳಿಯ ಹೆಣ್ಣುಮಕ್ಕಳು ಯಕ್ಷಗಾನದ ಗೆಜ್ಜೆ ಕಟ್ಟುತ್ತಾರೆ, ಏಕವ್ಯಕ್ತಿ ನಾಟಕವಾಡುತ್ತಾರೆ, ಯಾರೂ ಹುಬ್ಬೇರಿಸುವುದಿಲ್ಲ. ಹಾಗೆ ಹುಬ್ಬೇರಿಸುತ್ತಿದ್ದ ಕಾಲದಲ್ಲಿ ಮೊದಲು ಬಣ್ಣ ಹಚ್ಚಿದವರ ಸಾಲಿನಲ್ಲಿ ಮಂಗಳೂರಿನ ಈ ಮಗಳಿದ್ದರು ಎಂಬುದನ್ನು ನಾವು ಮರೆಯಬಾರದು.