ಮದಕರಿಯ ಸೋಲಿಗೆ ಸೀಮೆ ತೆತ್ತ ಬೆಲೆ

ಚಳ್ಳಕೆರೆ: ಚಿತ್ರದುರ್ಗದ ಕೊನೆಯ ಪಾಳೆಯಗಾರ ಮದಕರಿ ನಾಯಕನ ಕಥೆಯನ್ನು ನಾಡು ಬಹುಮಟ್ಟಿಗೆ ಕೋಟೆಯ ಒಳಗಿನಿಂದಲೇ ನೋಡಿದೆ. ಮುತ್ತಿಗೆ, ಓಬವ್ವನ ಒನಕೆ, ಒಳದ್ರೋಹ, ಸೆರೆ ಇವೇ ಅದರ ಮುಖ್ಯ ಘಟ್ಟಗಳು. ಆದರೆ 1779ರಲ್ಲಿ ದುರ್ಗ ಮೈಸೂರಿನ ಸೈನ್ಯದ ವಶವಾದಾಗ ಸೋತವನು ದೊರೆಯೊಬ್ಬನೇ ಅಲ್ಲ. ಒಂದಿಡೀ ಸೀಮೆಯ ಬದುಕೇ ಬುಡಮೇಲಾಯಿತು.

ಕಸ್ತೂರಿ ರಂಗಪ್ಪ ನಾಯಕನು ಮಕ್ಕಳಿಲ್ಲದೆ ತೀರಿಕೊಂಡಾಗ, 1754ರಲ್ಲಿ ಜಾನಕಲ್ಲು ಮನೆತನದ ಮದಕರಿಯನ್ನು ಪಟ್ಟಕ್ಕೆ ತರಲಾಯಿತು. ಆಗ ಅವನಿನ್ನೂ ಬಾಲಕ. ಅವನ ಪಾಲಿಗೆ ಬಂದದ್ದು ಮಳೆ ಕಡಿಮೆ ಬೀಳುವ, ದನಕುರಿಗಳನ್ನೇ ನೆಚ್ಚಿದ ನಾಡು. ಇಲ್ಲಿನ ಬೇಡರು ಮಳೆ ಬಂದರೆ ರೈತರು, ಕಹಳೆ ಊದಿದರೆ ಸೈನಿಕರು. ಹೊರಗಿನ ಸೈನ್ಯಗಳು ಈ ಸೀಮೆಗೆ ಹೊಸತೇನೂ ಆಗಿರಲಿಲ್ಲ. ಚಳ್ಳಕೆರೆ ಬಳಿಯ ದೊಡ್ಡೇರಿಯಲ್ಲಿ ಮರಾಠಾ ಸೇನಾನಿ ಸಂತಾಜಿ ಘೋರ್ಪಡೆಯು ಮೊಘಲ್ ಸರದಾರ ಖಾಸಿಂ ಖಾನನ ಪಡೆಯನ್ನು ಮುತ್ತಿ ಮಣಿಸಿದ್ದು 1695ರಲ್ಲಿ.

ಇಬ್ಬರು ಬಲಾಢ್ಯರ ನಡುವೆ

ಮದಕರಿಯ ಕಾಲಕ್ಕೆ ಒಂದು ಕಡೆ ಮರಾಠರು, ಇನ್ನೊಂದು ಕಡೆ ಹೈದರಾಲಿ. ಇಬ್ಬರಿಗೂ ದುರ್ಗದ ಬೇಡಪಡೆ ಬೇಕು, ಕಪ್ಪಕಾಣಿಕೆಯೂ ಬೇಕು. 1763ರಲ್ಲಿ ಹೈದರನು ಬಿದನೂರನ್ನು ಗೆದ್ದಾಗ ಮದಕರಿ ಅವನ ಪಕ್ಷದಲ್ಲಿದ್ದನು. 1770ರಲ್ಲಿ ಪೇಶ್ವೆ ಮಾಧವರಾಯನು ನಿಜಗಲ್ಲು ಕೋಟೆಗೆ ಲಗ್ಗೆ ಹಾಕಿದಾಗ ದುರ್ಗದ ಬೇಡರೇ ಪೇಶ್ವೆಯ ಪರವಾಗಿ ಗೋಡೆ ಹತ್ತಿದರು. ಇದು ಚಂಚಲತೆಯೆಂದು ಕಂಡರೂ ಎರಡು ದೊಡ್ಡ ಶಕ್ತಿಗಳ ನಡುವೆ ಸಿಕ್ಕ ಸಣ್ಣ ರಾಜ್ಯಕ್ಕೆ ಬೇರೆ ದಾರಿಯಿರಲಿಲ್ಲ. ಪ್ರತಿ ದಂಡಯಾತ್ರೆಯೂ ಹೊಲದಿಂದ ಆಳುಗಳನ್ನು ಎಳೆದೊಯ್ಯುತ್ತಿತ್ತು. ಪ್ರತಿ ಕಪ್ಪವೂ ಕೊನೆಗೆ ರೈತನ ಕಣಜಕ್ಕೇ ಕೈಹಾಕುತ್ತಿತ್ತು.

1777ರಲ್ಲಿ ಹೈದರನು ದುರ್ಗಕ್ಕೆ ಮುತ್ತಿಗೆ ಹಾಕಿದನು. ಮರಾಠರ ಸೈನ್ಯ ಸಮೀಪಿಸಿದ್ದರಿಂದ ಭಾರಿ ದಂಡ ವಸೂಲು ಮಾಡಿ ಹಿಂದೆ ಸರಿದನು. ಆ ಯುದ್ಧ ಮುಗಿದೊಡನೆ ಮತ್ತೆ ಬಂದನು. ತಿಂಗಳುಗಟ್ಟಲೆ ಕೋಟೆ ಮಣಿಯಲಿಲ್ಲ. ನಾಯಕನ ಸೇವೆಯಲ್ಲಿದ್ದ ಕೆಲವು ಸೇನಾಧಿಕಾರಿಗಳನ್ನು ಹೈದರನು ಗುಟ್ಟಾಗಿ ಒಲಿಸಿಕೊಂಡ ಮೇಲೆ, 1779ರ ಮಾರ್ಚ್‌ನಲ್ಲಿ ಮದಕರಿ ಶರಣಾದನು. ಕುಟುಂಬ ಸಮೇತ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟ ನಾಯಕನ ಬದುಕು ಸೆರೆಯಲ್ಲೇ ಮುಗಿಯಿತು.

ಜನರೇ ಸೂರೆ

ಗೆದ್ದ ಸೈನ್ಯ ಭಂಡಾರವನ್ನಷ್ಟೇ ಅಲ್ಲ, ಜನರನ್ನೂ ಒಯ್ದಿತು. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ದಾಖಲಿಸಿರುವ ಪ್ರಕಾರ ಸುಮಾರು 20 ಸಾವಿರ ಬೇಡರನ್ನು ಶ್ರೀರಂಗಪಟ್ಟಣದ ದ್ವೀಪಕ್ಕೆ ಸಾಗಿಸಲಾಯಿತು. ಅವರ ಗಂಡುಮಕ್ಕಳನ್ನು ಆರಿಸಿ, ಮತಾಂತರಿಸಿ, ಕವಾಯತು ಕಲಿಸಿ ಚೇಲಾ ಪಡೆಗಳನ್ನು ಕಟ್ಟಲಾಯಿತು. ದುರ್ಗದ ಪರವಾಗಿ ಕವಣೆ ಬೀಸಿದವರ ಮಕ್ಕಳು ದುರ್ಗವನ್ನು ಗೆದ್ದವನ ಬಂದೂಕು ಹೊತ್ತರು. ಬೇಡರ ಬಲ ಮತ್ತೆ ತಲೆಯೆತ್ತದಂತೆ ಮಾಡುವುದೇ ಇದರ ಉದ್ದೇಶವಾಗಿತ್ತು. ದುಡಿಯುವ ಕೈಗಳು ಹೋದ ಮೇಲೆ ಹೊಲ ಬೀಳುಬಿದ್ದವು, ದನ ಕಾಯುವವರಿಲ್ಲದಾಯಿತು ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಆಡಳಿತವೂ ಬದಲಾಯಿತು. ದೊರೆಯ ಜಾಗಕ್ಕೆ ಕಿಲ್ಲೇದಾರ ಬಂದನು. ಕಂದಾಯದ ಗುರಿ ಶ್ರೀರಂಗಪಟ್ಟಣವಾಯಿತು. ಕೋಟೆ ಮಾತ್ರ ಹೈದರ್, ಟಿಪ್ಪು ಕಾಲದಲ್ಲಿ ಇನ್ನಷ್ಟು ಬಲಗೊಂಡಿತು. ಫಿರಂಗಿ ಎಳೆಯಲು ಹೆಸರಾದ ದನಗಳ ಪಡೆಗೆ ಪಾಳೆಯಗಾರರ ಸೀಮೆಗಳ ರಾಸುಗಳೂ ಸೇರಿದವು. ಟಿಪ್ಪು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟನು. ಅದರ ಮೇವಿಗೆಂದು ಮೀಸಲಾದ ಕಾವಲುಗಳು ಚಳ್ಳಕೆರೆ ತಾಲ್ಲೂಕಿನಲ್ಲಿ ವಿಶಾಲವಾಗಿ ಉಳಿದಿದ್ದವು. ಅವುಗಳಲ್ಲಿ ಸಾವಿರಾರು ಎಕರೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಮಂಜೂರಾದಾಗ ಸುತ್ತಲಿನ ಕುರಿಗಾಹಿಗಳು ನ್ಯಾಯಾಲಯದವರೆಗೂ ಹೋದರು.

ಎಲ್ಲವೂ ಅಳಿಯಲಿಲ್ಲ. ಮೊಳಕಾಲ್ಮುರು, ಚಳ್ಳಕೆರೆ ತಾಲ್ಲೂಕುಗಳ ಮ್ಯಾಸನಾಯಕರ ಹಟ್ಟಿಗಳಲ್ಲಿ ಕಿಲಾರಿಗಳು ಇಂದಿಗೂ ದೇವರ ಎತ್ತುಗಳನ್ನು ಸಾಕುತ್ತಾರೆ. ಚಳ್ಳಕೆರೆ ತಾಲ್ಲೂಕಿನ ತಳುಕು ಮೂಲದ ತ.ರಾ. ಸುಬ್ಬರಾಯರು ಮದಕರಿಯ ಪತನವನ್ನು 'ದುರ್ಗಾಸ್ತಮಾನ' ಕಾದಂಬರಿಯಾಗಿಸಿದರು. ಅವರು ತೀರಿಕೊಂಡ ಮರುವರ್ಷ, 1985ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ದೊರೆಗೆ ಕಾದಂಬರಿ, ನಾಟಕ, ಪ್ರತಿಮೆಗಳ ಗೌರವ ದೊರೆತಿದೆ. ಅವನ ಹಿಂದೆ ಶ್ರೀರಂಗಪಟ್ಟಣದ ದಾರಿ ಹಿಡಿದ 20 ಸಾವಿರ ಮಂದಿಯಲ್ಲಿ ಒಬ್ಬರ ಹೆಸರೂ ನಾಡಿನ ನೆನಪಿನಲ್ಲಿಲ್ಲ.